ಇಂದಿನ ಧಮ್ಮ ಚಿಂತನೆ: ಅವತ್ತು ಸ್ಲೇಟು ಬಿದ್ದಿರಲಿಲ್ಲ



ಈ ಸಲ ಬರೆಯುವ ಸರದಿ ನನ್ನದು. ಸುತ್ತದ ವಿವರಣೆ ಬರೆಯುವಷ್ಟು ಓದು ನನಗಿಲ್ಲ ಅಂದೆ. "ಪುಟ್ಟ ಮಕ್ಕಳಿಗೆ ಪಾಠ ಹೇಳಲು ಶುರುಮಾಡಿ ಒಂದು ವರ್ಷ ಆಯ್ತಲ್ಲ, ಅದನ್ನೇ ಬರೆಯಮ್ಮ" ಎಂದರು ಬಳಗದ ಅಣ್ಣನವರು. ಬರೆಯುತ್ತಿದ್ದೇನೆ. ಒಂದು ವಿಷಯವನ್ನು ಇದುವರೆಗೆ ಬಳಗದಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ, ಅದೂ ಇದರಲ್ಲಿದೆ.

ಕಳೆದ ಜೂನ್‌ನಲ್ಲಿ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಒಂದರಿಂದ ಮೂರನೇ ತರಗತಿಯವರೆಗಿನ 23 ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿ ನನ್ನದು. ಗೊತ್ತಿಲ್ಲದವರಿಗೆ ಎರಡು ಮಾತು: 1995ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಶುರುಮಾಡಿದ ಪದ್ಧತಿ ಇದು. ಇಲ್ಲಿ ಅ ಆ ಇ ಈ ಕ್ರಮವಿಲ್ಲ. ರ ಗ ಸ ದ ಅ ಎಂದು ಆರಂಭ. ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ ಎಂದು ಪದವನ್ನೇ ಓದಿಬಿಡುತ್ತದೆ. ಸಾಲಾಗಿ ಕೂರುವುದೂ ಇಲ್ಲ. ಯಾವ ಮಗುವಿಗೆ ಎಷ್ಟು ಸಹಾಯ ಬೇಕೋ ಅದರ ಮೇಲೆ ಗುಂಪು. ಆ ಗುಂಪಿಗೆ 'ತಟ್ಟೆ' ಎನ್ನುತ್ತೇವೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರ ತಟ್ಟೆ ಒಂದು ಕಡೆ, ತಾವೇ ಕಲಿಯುವವರ ತಟ್ಟೆ ಇನ್ನೊಂದು ಕಡೆ.

(ತಟ್ಟೆ ಎಂದರೆ ನಮ್ಮ ಹಿರಿಯರಿಗೆ ಬೇರೆ ತಟ್ಟೆ ನೆನಪಾಗುತ್ತದೆ, ಹೋಟೆಲಿನ ಹೊರಗೆ ನಮಗೆಂದೇ ಬೇರೆ ಇಟ್ಟಿದ್ದು. ತರಬೇತಿಯಲ್ಲಿ ಈ ಪದ ಕೇಳಿದಾಗ ನನಗೂ ಒಂದು ಕ್ಷಣ ಹಾಗೇ ಆಯಿತು.)

ಮೊದಲ ತಿಂಗಳು ಕೂಗಿ ಕೂಗಿ ಗಂಟಲು ಹೋಯಿತು. ಗಂಟಲು ಕಟ್ಟಿದ ಮೇಲೆ ಮೆಲ್ಲಗೆ ಮಾತಾಡಿದರೆ ಮಕ್ಕಳೂ ಮೆಲ್ಲಗಾಗುತ್ತಾರೆ ಎಂದು ತಿಳಿಯಿತು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತರೆ ಅರ್ಧ ಗಲಾಟೆ ಕಡಿಮೆ. ಬೆಳಿಗ್ಗೆ ಒಂದು ಸಲ ಗಂಟೆ ಬಾರಿಸಿ, ಸದ್ದು ಪೂರ್ತಿ ನಿಲ್ಲುವವರೆಗೆ ಕಣ್ಣು ಮುಚ್ಚಿ ಕೇಳುವ ಆಟ ಆಡಿಸುತ್ತೇನೆ. ವಂದನೆ, ಗಾಥೆ ಯಾವುದೂ ಇಲ್ಲ. ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಬೇರೆಯವರಿಗೆ ಬೇಡ ಎನ್ನುವುದನ್ನು ನಾವೂ ಮಾಡಬಾರದು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಅಕ್ಟೋಬರ್ ಬಂದರೂ ನನ್ನ ಪೂರ್ಣ ಸಹಾಯದ ತಟ್ಟೆಯಲ್ಲಿ ಐದು ಮಕ್ಕಳು ಉಳಿದಿದ್ದರು. ಅವರಲ್ಲಿ ನಾಲ್ವರು ನಮ್ಮ ಕೇರಿಯವರು. ಬೇರೆ ಶಿಕ್ಷಕರು ಬಂದು ನೋಡಿದಾಗ ಏನೂ ಅನ್ನುತ್ತಿರಲಿಲ್ಲ. ಅವರು ಏನೂ ಅನ್ನದಿದ್ದುದೇ ನನ್ನನ್ನು ಚುಚ್ಚುತ್ತಿತ್ತು. ಅವರ ಪೈಕಿ ಒಬ್ಬ ಆರು ವರ್ಷದ ಹುಡುಗ. ಅವನ ಅಜ್ಜಿ ಹುಣ್ಣಿಮೆಗೆ ವಿಹಾರಕ್ಕೆ ಬರುವವರು. ಅವನಿಗೆ ರ ಮತ್ತು ಗ ಬಿಟ್ಟು ಮುಂದೆ ಹೋಗುತ್ತಲೇ ಇರಲಿಲ್ಲ. ನಮ್ಮ ಹುಡುಗ ಎಲ್ಲರ ಮುಂದೆ ಹಿಂದೆ ಬೀಳಬಾರದು ಎಂದು ಅವನ ಮೇಲೆ ಮಾತ್ರ ನನ್ನ ದನಿ ಏರುತ್ತಿತ್ತು. ಬೇರೆ ಮಕ್ಕಳು ತಪ್ಪಿದರೆ ನಗುತ್ತಿದ್ದೆ, ಇವನು ತಪ್ಪಿದರೆ ಸಿಟ್ಟು.

ಒಂದು ದಿನ ಬರೆದು ತರಲು ಹೇಳಿದ್ದನ್ನು ತಂದಿರಲಿಲ್ಲ. ಯಾಕೋ ಎಂದೆ. "ಬರ್ದಿದ್ದೆ ಮಿಸ್, ಪಾಪು ಹರ್ದಾಕ್ತು" ಎಂದ. ಅವರ ಮನೆಯಲ್ಲಿ ಪಾಪು ಇಲ್ಲ, ನನಗೆ ಗೊತ್ತು. ಸುಳ್ಳು ಬೇರೆ ಹೇಳ್ತೀಯಾ ಎಂದು ಕೆನ್ನೆಗೆ ಹೊಡೆದುಬಿಟ್ಟೆ. ಸದ್ದು ಜೋರಾಗಿಯೇ ಆಯಿತು. ಪಕ್ಕದ ಕೋಣೆಯಿಂದ ಮುಖ್ಯ ಶಿಕ್ಷಕಿ ಬಾಗಿಲಿಗೆ ಬಂದು, "ಏನ್ ಮಿಸ್ ಅದು?" ಎಂದು ಕೇಳಿದರು.

"ಏನಿಲ್ಲ ಮೇಡಂ, ಸ್ಲೇಟು ಬಿತ್ತು" ಎಂದೆ.

23 ಮಕ್ಕಳೂ ಕೇಳಿಸಿಕೊಂಡರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಮುಂದೆ ಕೂತಿದ್ದ ಒಂದು ಹುಡುಗಿ ತೊಡೆಯ ಮೇಲಿದ್ದ ತನ್ನ ಸ್ಲೇಟನ್ನು ಮೆಲ್ಲಗೆ ತೆಗೆದು ನೆಲದ ಮೇಲೆ ಮಗುಚಿ ಇಟ್ಟಳು. ನನ್ನ ಮಾತು ನಿಜವಾಗಲಿ ಎಂದು. ಏಳು ವರ್ಷದ ಮಗು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಡಿ.ಇಡಿ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡವಳು ನಾನು. ಅವತ್ತು ರಾತ್ರಿ ಅದು ಒಂದು ಕಡೆ ಇರಲಿ, ದಿನಾ ಹೇಳುವ ಪಂಚಶೀಲವನ್ನೇ ಹೇಳಲಾಗಲಿಲ್ಲ. ನಾಲ್ಕನೆಯದಕ್ಕೆ ಬಂದು ನಿಂತುಬಿಟ್ಟೆ.

ಆ ಭಾನುವಾರವೇ ನಮ್ಮ ಬಳಗದಲ್ಲಿ ಮಜ್ಝಿಮ ನಿಕಾಯದ 61ನೇ ಸುತ್ತ ಓದಿದ್ದು, ಅಂಬಲಟ್ಠಿಕ ರಾಹುಲೋವಾದ. ನೀವೂ ಇದ್ದಿರಿ. ನಾನು ಅವತ್ತು ಬಾಯಿ ಬಿಡಲಿಲ್ಲ, ಯಾಕೆಂದು ಈಗ ಗೊತ್ತಾಯಿತಲ್ಲ.

ಆಗ ರಾಹುಲನಿಗೆ ಏಳು ವರ್ಷ ಎಂದು ಅಟ್ಠಕಥೆ ಹೇಳುತ್ತದೆ, ಅಂದರೆ ನನ್ನ ಕೊಠಡಿಯ ಮಕ್ಕಳ ವಯಸ್ಸು. ಭಗವಾನರು ಸಂಜೆ ಅವನಿದ್ದಲ್ಲಿಗೆ ಬರುತ್ತಾರೆ. ಅವನು ಕೂರಲು ಆಸನ, ಕಾಲಿಗೆ ನೀರು ಇಡುತ್ತಾನೆ. ಕಾಲು ತೊಳೆದುಕೊಂಡು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ರಾಹುಲ, ಈ ಚೂರು ನೀರು ಕಾಣುತ್ತಿದೆಯಾ ಎಂದು ಕೇಳುತ್ತಾರೆ. ಬೇಕೆಂದೇ ಸುಳ್ಳು ಹೇಳಲು ನಾಚದವರ ಸಾಧನೆಯೂ ಇಷ್ಟೇ ಎನ್ನುತ್ತಾರೆ. ಆ ನೀರನ್ನು ಚೆಲ್ಲುತ್ತಾರೆ, ಪಾತ್ರೆ ಮಗುಚುತ್ತಾರೆ, ಮತ್ತೆ ನೆಟ್ಟಗಿಟ್ಟು ಒಳಗಿನ ಖಾಲಿ ತೋರಿಸುತ್ತಾರೆ. ಪ್ರತಿ ಸಲವೂ ಮೊದಲು ಪ್ರಶ್ನೆ, ಕಾಣುತ್ತಿದೆಯಾ? ಮಗು ಉತ್ತರ ಹೇಳಿದ ಮೇಲೆ ಮುಂದಿನ ಮಾತು. ಆಮೇಲೆ, ಕನ್ನಡಿ ಯಾತಕ್ಕೆ ಇರುವುದು ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗಾಗಲಿ ಇನ್ನೊಬ್ಬರಿಗಾಗಲಿ ನೋವಾಗುತ್ತದೆಯೇ ಎಂದು ನೋಡಿಕೊ ಎಂದು ತಿಳಿಸುತ್ತಾರೆ. ನಮ್ಮ ತರಬೇತಿಯಲ್ಲಿ ಕಲಿಕೋಪಕರಣ ಎಂದು ಹೇಳಿಕೊಟ್ಟದ್ದು ಇದನ್ನೇ. ಕೈಯಲ್ಲಿರುವ ವಸ್ತು, ಒಂದು ಪ್ರಶ್ನೆ, ಮಗುವಿನ ಉತ್ತರ. ಅವರು ಎಲ್ಲೂ ಗದರುವುದಿಲ್ಲ.

ನಾವು ಓದುವಾಗ ಬೇಗ ದಾಟಿಬಿಡುವ ಒಂದು ಭಾಗ ಅದರಲ್ಲಿದೆ. ಕಾಯದಿಂದ ಅಥವಾ ಮಾತಿನಿಂದ ತಪ್ಪು ಮಾಡಿದ್ದರೆ ಮನಸ್ಸಿನಲ್ಲೇ ಮರುಗಿದರೆ ಮುಗಿಯಿತು ಎಂದು ಸುತ್ತ ಹೇಳುವುದಿಲ್ಲ. ಗುರುವಿನ ಬಳಿ ಅಥವಾ ತಿಳಿದ ಸಹಚಾರಿಗಳ ಬಳಿ ಬಿಚ್ಚಿ ಹೇಳಬೇಕು. ನಾಚಿ, ಹೇಸಿ ಬಿಟ್ಟುಬಿಡು ಎಂದಿರುವುದು ಮನಸ್ಸಿನಲ್ಲಿ ಮಾತ್ರ ನಡೆದದ್ದಕ್ಕೆ. ನಾನು ಕೈಯನ್ನೂ ಬಳಸಿದ್ದೆ, ಬಾಯನ್ನೂ ಬಳಸಿದ್ದೆ.

ಸೋಮವಾರ ಮುಖ್ಯ ಶಿಕ್ಷಕಿಗೆ ಹೇಳಿದೆ. "ಆಯ್ತು, ಇನ್ನೊಂದ್ಸಲ ಬೇಡ. ಊರೆಲ್ಲ ಹೇಳ್ಕೊಂಡು ತಿರುಗಬೇಡಿ" ಎಂದರು. ಆಮೇಲೆ ಮಕ್ಕಳ ಮಧ್ಯೆ ಕೂತು, ಅವತ್ತು ಸ್ಲೇಟು ಬೀಳಲಿಲ್ಲ, ನಾನು ಇವನಿಗೆ ಹೊಡೆದೆ, ಆಮೇಲೆ ಮೇಡಂಗೆ ಸುಳ್ಳು ಹೇಳಿದೆ, ಎರಡೂ ತಪ್ಪು ಎಂದೆ. ಹುಡುಗ ತಲೆ ಎತ್ತಲಿಲ್ಲ. ಮೂರನೇ ತರಗತಿಯ ಒಬ್ಬ, "ಹಂಗಾದ್ರೆ ನಿಮಗ್ಯಾರು ಹೊಡೀತಾರೆ ಮಿಸ್?" ಎಂದ. ಅವನು ತಮಾಷೆಗೆ ಕೇಳಿದ್ದಲ್ಲ. ಇನ್ಮೇಲೆ ಈ ಕೋಣೆಯಲ್ಲಿ ಯಾರೂ ಯಾರಿಗೂ ಹೊಡೆಯಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಸಂಜೆ ಅವನ ಅಜ್ಜಿಯ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ವಿಷಯ ಹೇಳಿದೆ. "ಅಯ್ಯೋ ಅದಕ್ಯಾಕವ್ವ ಇಷ್ಟು ದೂರ ಬಂದೆ? ಹೊಡಿ. ಹೊಡುದ್ರೇ ಅಲ್ವಾ ಬುದ್ಧಿ ಬರದು. ನೀನು ನಮ್ಮೋಳು, ನೀನು ಹೊಡೀದೆ ಇನ್ಯಾರು ಹೊಡೀತಾರೆ" ಎಂದರು. ಚಾ ಕೊಟ್ಟರು. ಕುಡಿಯಲು ಕಷ್ಟವಾಯಿತು. ಬೈದಿದ್ದರೆ ಒಳ್ಳೆಯದಿತ್ತು.

ನಮ್ಮೋಳು ಎನ್ನುವ ಆ ಮಾತು ಬಹಳ ದಿನ ಕಾಡಿತು. ಬಾಬಾಸಾಹೇಬರು ಶಾಲೆಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು. ಕಸ ಗುಡಿಸುವ ಆಳೂ ಅದನ್ನು ಮುಟ್ಟದ ಕಾರಣ ದಿನಾ ಅದನ್ನು ಮನೆಗೆ ಒಯ್ದು ತರಬೇಕಿತ್ತು. ಜವಾನ ಬಾರದ ದಿನ ಕುಡಿಯಲು ನೀರಿರಲಿಲ್ಲ. ಇದನ್ನು ನಾವು ಪ್ರತಿ ಏಪ್ರಿಲ್ 14ಕ್ಕೆ ಹೇಳುತ್ತೇವೆ. ಕೊನೆಗೆ ನಮ್ಮ ಮಕ್ಕಳಿಗೆ, ಅವರು ಅಷ್ಟು ಕಷ್ಟದಲ್ಲಿ ಓದಿದರು, ನಿನಗೇನು ಧಾಡಿ ಎನ್ನುತ್ತೇವೆ. ನಾನೂ ಎಂದಿದ್ದೇನೆ. ಅವರ ಕಷ್ಟವನ್ನು ಆರು ವರ್ಷದ ಮಗುವನ್ನು ಗದರಿಸುವ ಕೋಲು ಮಾಡಿಕೊಂಡಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ನೀವು ಒಪ್ಪದಿರಬಹುದು, ಭಾನುವಾರ ಮಾತಾಡೋಣ.

ಚೂಳಪಂಥಕನ ಕಥೆಯನ್ನೂ ಆಗ ಮತ್ತೆ ಓದಿದೆ. ನಾಲ್ಕು ತಿಂಗಳಾದರೂ ಒಂದು ಗಾಥೆ ಅವನ ಬಾಯಿಗೆ ಬರಲಿಲ್ಲ. ನೀನು ಇದಕ್ಕೆ ಲಾಯಕ್ಕಿಲ್ಲ, ಹೋಗು ಎಂದವರು ಪರರಲ್ಲ, ಒಡಹುಟ್ಟಿದ ಅಣ್ಣ ಮಹಾಪಂಥಕ. ಮೊದಲು ಓದಿದಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಭಗವಾನರು ಅವನಿಗೆ ಇನ್ನೊಂದು ಗಾಥೆ ಕೊಡಲಿಲ್ಲ, ಕೈಗೆ ಒಂದು ಬಿಳಿ ಬಟ್ಟೆ ಕೊಟ್ಟು ಉಜ್ಜುತ್ತಿರು ಎಂದರು.

ಕಾರ್ಡು ಬದಿಗಿಟ್ಟು ಹುಡುಗನನ್ನು ಕೇಳಿದೆ, ನಿಮ್ಮ ಮಾವ ಏನು ಕೆಲಸ ಮಾಡ್ತಾರೋ? ಮರ ಕೊಯ್ಯುವ ಮಿಲ್ಲು. ಕೈ ಆಡಿಸಿ ಸದ್ದು ಸಮೇತ ತೋರಿಸಿದ. ಗರಗಸ ಬರಿ ಎಂದೆ. ಹಾಳೆಯ ಉದ್ದಕ್ಕೂ ಹಲ್ಲು ಹಲ್ಲಾಗಿ ಚಿತ್ರ ಬರೆದ. ಅದರ ಕೆಳಗೆ ನಾನು ಅಕ್ಷರ ಬರೆದೆ. ಗ, ರ, ಗ, ಸ. ಅವನಿಗೆ ಬಾರದ ಅಕ್ಷರ ಒಂದೇ ಉಳಿದಿತ್ತು. ಅದಕ್ಕೂ ಮೂರು ವಾರ ಹಿಡಿಯಿತು. ಈಗ ಅವನು ಗೆಳೆಯರ ಸಹಾಯದ ತಟ್ಟೆಯಲ್ಲಿದ್ದಾನೆ, ದ ಮತ್ತು ಥ ಇನ್ನೂ ಅದಲುಬದಲು.

ನಮ್ಮ ಕೋಣೆಯಲ್ಲಿ ತಲೆಯ ಮೇಲೆ ದಾರದ ಚಪ್ಪರವಿದೆ, ಮಕ್ಕಳು ಮಾಡಿದ್ದನ್ನೆಲ್ಲ ಅದಕ್ಕೆ ತೂಗುಹಾಕುತ್ತೇವೆ. ಮಾರ್ಚ್‌ನಲ್ಲಿ ಒಂದು ದಿನ ಅವನ ಗರಗಸದ ಚಿತ್ರ ಕಳಚಿ ಬಿತ್ತು. ಮತ್ತೆ ಕಟ್ಟಲು ಅವನ ಪಕ್ಕ ನಿಂತು ಕೈ ಮೇಲೆತ್ತಿದೆ. ಅವನ ಎಡಗೈ ತಾನಾಗಿ ಕೆನ್ನೆಗೆ ಹೋಯಿತು. ನಾನು ಕೈ ಇಳಿಸಿ ನೆಲದ ಮೇಲೆ ಕೂತು, ಚಿತ್ರ ಅವನ ಕೈಗೆ ಕೊಟ್ಟೆ. ಕುರ್ಚಿ ಎಳೆದು ತಂದು ಹತ್ತಿ ಅವನೇ ಕಟ್ಟಿದ. ಕುರ್ಚಿಯನ್ನು ನಾನು ಹಿಡಿದುಕೊಂಡಿದ್ದೆ.

ಭಾನುವಾರದ ಓದು: ದೀಘ ನಿಕಾಯ 31, ಸಿಗಾಲೋವಾದ ಸುತ್ತ. ಅದರಲ್ಲಿ ದಕ್ಷಿಣ ದಿಕ್ಕು ಗುರುಗಳದ್ದು. ಶಿಷ್ಯರಿಗೆ ಗುರು ಮಾಡಬೇಕಾದ ಐದರಲ್ಲಿ ಕೊನೆಯದನ್ನು, ಎಲ್ಲ ದಿಕ್ಕಿನಲ್ಲೂ ರಕ್ಷಣೆ ಕೊಡುವುದು ಎಂಬುದನ್ನು, ಓದಿಕೊಂಡು ಬನ್ನಿ. ಮಕ್ಕಳನ್ನೂ ಕರೆತನ್ನಿ.

ನಮೋ ಬುದ್ಧಾಯ. ಜೈ ಭೀಮ್. 🙏