ಖಾನಾವಳಿ ಪಾರ್ಸಲ್ಲು: ರೊಕ್ಕಕ್ಕೆ ತಕ್ಕ ಊಟವೇ?

ಪೀಠಿಕೆ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಗಾದೆ. ಊಟದ ಲೆಕ್ಕ ಬಲ್ಲವನಿಗೆ ಸಾಲವಿಲ್ಲ ಎಂದು ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಈಗೀಗ ನಮ್ಮ ಓಣಿಯಲ್ಲಿ ಸಂತೆಯ ದಿನ ಗಜೇಂದ್ರಗಡದ ಖಾನಾವಳಿಯಿಂದ ರಾತ್ರಿ ಊಟ ಪಾರ್ಸಲ್ ತರುವ ರೂಢಿ ಬಂದಿದೆ. ಕೆಲವರು “ರೊಕ್ಕಾ ಹಾಳ ಮಾಡೂ ಕೆಲಸ” ಅನ್ನುತ್ತಾರೆ. ಕೆಲವರು “ವಾರಕ್ಕ ಒಂದ ದಿನ ಹೆಣಮಕ್ಕಳಿಗೆ ಒಲಿ ಮುಂದಿಂದ ಬಿಡುವು ಬ್ಯಾಡೇನು?” ಅನ್ನುತ್ತಾರೆ. ಬರೀ ಮಾತಿನಿಂದ ಈ ವಾದ ತೀರುವುದಿಲ್ಲ. ಆದ್ದರಿಂದ ಗಣಿತದ ತಾಸಿನಲ್ಲಿ ಕಲಿತ ಲಾಭ-ನಷ್ಟದ ಲೆಕ್ಕವನ್ನೇ ಇಲ್ಲಿ ಹಚ್ಚಿ ನೋಡಿದ್ದೇನೆ.

1. ಖಾನಾವಳಿ ಎಂದರೇನು?

ಖಾನಾವಳಿ ಎಂಬ ಮಾತು ಮರಾಠಿಯಿಂದ ನಮ್ಮ ಕಡೆ ಬಂದಿದೆ. ಮನೆ ಬಿಟ್ಟು ದುಡಿಯಲು ಬಂದವರಿಗೆ ಮನೆಯಂಥ ಊಟ ಹಾಕುವ ಜಾಗ ಅದು. ಮುಂಬಯಿಯಲ್ಲಿ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ಮನೆಯಲ್ಲೇ ಅಡಿಗೆ ಮಾಡಿ ಊಟ ಹಾಕುತ್ತಿದ್ದರು. ಅಂಥ ಹೆಣ್ಣುಮಕ್ಕಳನ್ನು ಒಂದುಗೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅದೇ ಮುಂಬಯಿಯಲ್ಲಿ 1890ರಲ್ಲಿ ಶುರುವಾದ ಡಬ್ಬಾವಾಲಾಗಳ ಕೆಲಸ ಬೇರೆ ಥರದ್ದು. ಅವರು ಮನೆಯ ಬುತ್ತಿಯನ್ನೇ ಕಚೇರಿಗೆ ಮುಟ್ಟಿಸುತ್ತಾರೆ.

ನಮ್ಮ ಗದಗ ಜಿಲ್ಲೆಯಲ್ಲಿ ಜೋಳದ ರೊಟ್ಟಿಯ ಖಾನಾವಳಿಗಳೂ ಇವೆ, ಖಾರಕ್ಕೆ ಹೆಸರಾದ ಸಾವಜಿ ಖಾನಾವಳಿಗಳೂ ಇವೆ. ಗಜೇಂದ್ರಗಡವೆಂದರೆ ನೇಕಾರರ ಊರು, ಕಾಲಕಾಲೇಶ್ವರನಿಗೆ ಬರುವ ಭಕ್ತರು ಇಳಿಯುವ ಊರು. ಅಲ್ಲಿ ಹೊರಗಿನವರಿಗೆ ಊಟ ಬೇಕೇ ಬೇಕು. ಪ್ರಶ್ನೆ ಇರುವುದು ಮನೆಯಲ್ಲಿ ಒಲೆ ಇದ್ದವರದು.

2. ಎರಡು ಊಟ, ಎರಡು ಲೆಕ್ಕ

ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಆಯಿ, ತಮ್ಮ, ನಾನು, ಹೀಗೆ ಐದು ಮಂದಿ. ನಾನು ವಿಚಾರಿಸಿದ ಖಾನಾವಳಿಯಲ್ಲಿ ಒಂದು ಪಾರ್ಸಲ್ಲಿಗೆ 80 ರೂಪಾಯಿ. ಅದರಲ್ಲಿ ಎರಡು ರೊಟ್ಟಿ, ಎರಡು ಥರದ ಪಲ್ಯ, ಅನ್ನ, ಸಾರು, ಮೊಸರು, ಶೇಂಗಾ ಚಟ್ನಿ. ಐದು ಮಂದಿಗೆ 400 ರೂಪಾಯಿ ಆಯಿತು.

ಇದೇ ಊಟವನ್ನು ಮನೆಯಲ್ಲಿ ಮಾಡಿದರೆ:

ಜೋಳದ ಹಿಟ್ಟು 700 ಗ್ರಾಂ, ಗಿರಣಿ ಖರ್ಚು ಸೇರಿ (10 ರೊಟ್ಟಿ) – 32 ರೂ.
ಬದನಿಕಾಯಿ ಅರ್ಧ ಕಿಲೊ – 20 ರೂ.
ಹೆಸರಕಾಳು 100 ಗ್ರಾಂ – 11 ರೂ.
ಅಕ್ಕಿ 400 ಗ್ರಾಂ – 20 ರೂ.
ತೊಗರಿಬೇಳೆ 100 ಗ್ರಾಂ – 13 ರೂ.
ಎಣ್ಣೆ – 9 ರೂ.
ಮೊಸರು ಅರ್ಧ ಲೀಟರ್ – 25 ರೂ.
ಶೇಂಗಾ, ಉಳ್ಳಾಗಡ್ಡಿ, ಖಾರ, ಉಪ್ಪು – 15 ರೂ.
ಗ್ಯಾಸ್ – 15 ರೂ.
ಒಟ್ಟು – 160 ರೂ.

ಅಂದರೆ ಒಬ್ಬರಿಗೆ 32 ರೂಪಾಯಿ. ರೇಶನ್ ಅಕ್ಕಿ ಪುಕ್ಕಟೆ ಸಿಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹೋಲಿಕೆ ಸರಿಯಾಗಿ ಇರಲಿ ಎಂದು ಅಕ್ಕಿಗೂ ಅಂಗಡಿಯ ಬೆಲೆಯನ್ನೇ ಹಿಡಿದಿದ್ದೇನೆ.

ಪಾರ್ಸಲ್ಲಿಗೂ ಮನೆ ಊಟಕ್ಕೂ ಅಂತರ 240 ರೂಪಾಯಿ. ವಾರಕ್ಕೊಮ್ಮೆ ತಂದರೆ ವರ್ಷದ 52 ವಾರಕ್ಕೆ 12,480 ರೂಪಾಯಿ! ಈ ಅಂಕಿ ನೋಡಿ ಅಪ್ಪ, “ಇನ್ನ ಮ್ಯಾಲೆ ಪಾರ್ಸಲ್ ಬಂದ್” ಅಂದೇಬಿಟ್ಟರು. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ.

3. ಪಟ್ಟಿಯಲ್ಲಿ ಇಲ್ಲದ ಖರ್ಚು

ಮೇಲಿನ ಪಟ್ಟಿಯಲ್ಲಿ ಉಪ್ಪಿಗೂ ಬೆಲೆ ಇದೆ, ಅವ್ವನ ದುಡಿಮೆಗೆ ಇಲ್ಲ. ಗಡಿಯಾರ ನೋಡಿ ಬರೆದುಕೊಂಡೆ. ಕಾಯಿಪಲ್ಯ ಹೆಚ್ಚಿ ಎರಡು ಪಲ್ಯ ಮಾಡಲು 30 ನಿಮಿಷ, ಹಿಟ್ಟು ನಾದಿ ಹತ್ತು ರೊಟ್ಟಿ ಬಡಿದು ಬೇಯಿಸಲು 40, ಅನ್ನ-ಸಾರಿಗೆ 20, ಭಾಂಡೆ ತಿಕ್ಕಲು 30. ಕೂಡಿದರೆ ಸರಿಯಾಗಿ ಎರಡು ತಾಸು.

ಈ ಎರಡು ತಾಸಿನ ಬೆಲೆ ಎಷ್ಟು? 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ದಿನಕ್ಕೆ 370 ರೂಪಾಯಿ ಕೂಲಿ ಇತ್ತು. ಎಂಟು ತಾಸಿನಿಂದ ಭಾಗಿಸಿದರೆ ತಾಸಿಗೆ 46 ರೂಪಾಯಿ 25 ಪೈಸೆ. ಎರಡು ತಾಸಿಗೆ 92 ರೂಪಾಯಿ 50 ಪೈಸೆ. ಇದನ್ನು ಕೂಡಿಸಿದರೆ ಮನೆ ಊಟದ ನಿಜವಾದ ಬೆಲೆ 252 ರೂಪಾಯಿ 50 ಪೈಸೆ.

ಈಗ ಅಂತರ 147 ರೂಪಾಯಿ 50 ಪೈಸೆಗೆ ಇಳಿಯಿತು. ವರ್ಷಕ್ಕೆ 7,670. ಮೊದಲಿನ 12,480ರಲ್ಲಿ ಇದನ್ನು ಕಳೆದರೆ ಉಳಿಯುವುದು 4,810 ರೂಪಾಯಿ. ಅದು ಉಳಿತಾಯವಲ್ಲ. ವಾರಕ್ಕೆ ಒಂದೇ ರಾತ್ರಿಯ ಅಡಿಗೆಯಲ್ಲಿ ಅವ್ವ ಮನೆಗೆ ಪುಕ್ಕಟೆ ಕೊಡುವ ದುಡಿಮೆ.

ನೇಕಾರರ ಮನೆಯಲ್ಲಿ ಇದು ಬಾಯಿಮಾತಿನ ಲೆಕ್ಕವಲ್ಲ. ಪಟ್ಟೇದ ಅಂಚಿನ ಸೀರೆಯಾಗಲಿ, ಬೇರೆ ಸೀರೆಯಾಗಲಿ, ನೇಯ್ದಷ್ಟಕ್ಕೇ ಕೂಲಿ. ಒಲೆಯ ಮುಂದೆ ಕಳೆದ ತಾಸು ಮಗ್ಗದ ಮೇಲೆ ಕಳೆಯಲು ಬರುವುದಿಲ್ಲ.

ನಾನು ಈ ಲೆಕ್ಕ ಓದಿ ಹೇಳಿದಾಗ ಅವ್ವ ನಕ್ಕು, “ಹಂಗಾದ್ರ ನನ್ನ ಪಗಾರ ಭಾಳ ಬಾಕಿ ಐತಿ ಬಿಡವಾ” ಅಂದಳು. ಅಪ್ಪ ಏನೂ ಅನ್ನಲಿಲ್ಲ. ‘ಬಂದ್’ ಅನ್ನುವ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

4. ಒಬ್ಬರೇ ಇದ್ದರೆ?

ಐದು ಮಂದಿಗೆ ಎರಡು ತಾಸು ಬೇಕಾದರೆ ಒಬ್ಬರಿಗೆ ಇಪ್ಪತ್ತನಾಲ್ಕು ನಿಮಿಷ ಸಾಲುವುದಿಲ್ಲ. ಒಲೆ ಹಚ್ಚುವುದು, ಒಗ್ಗರಣೆ ಹಾಕುವುದು, ಹಂಚು ಕಾಯಿಸುವುದು ಒಬ್ಬರಿಗೂ ಅಷ್ಟೇ. ಒಂದು ತಾಸು ಎಂದು ಹಿಡಿಯೋಣ. ಸಾಮಾನು 32, ದುಡಿಮೆ 46.25, ಒಟ್ಟು 78 ರೂಪಾಯಿ 25 ಪೈಸೆ. ಪಾರ್ಸಲ್ 80! ಇಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದ್ದರಿಂದ ರೂಮು ಮಾಡಿಕೊಂಡು ಒಬ್ಬರೇ ಇರುವ ಗುರುಗಳಾಗಲಿ, ಕಾಲೇಜಿಗೆ ಹೋಗುವ ಅಣ್ಣಂದಿರಾಗಲಿ ಖಾನಾವಳಿಯ ಊಟ ತಂದರೆ ಅದನ್ನು ದುಂದುಗಾರಿಕೆ ಎನ್ನಲು ಬರುವುದಿಲ್ಲ. ಉಣ್ಣುವವರು ಹೆಚ್ಚಾದಂತೆ ಮನೆ ಊಟ ಅಗ್ಗವಾಗುತ್ತದೆ, ಕಡಿಮೆಯಾದಂತೆ ಪಾರ್ಸಲ್ ಅಗ್ಗವಾಗುತ್ತದೆ.

5. ಎಂಬತ್ತು ರೂಪಾಯಿ ಎಲ್ಲಿ ಹೋಗುತ್ತದೆ?

“ಅಕ್ಕಾರ, ಮನ್ಯಾಗ ಮೂವತ್ತೆರಡಕ್ಕ ಆಗೂದಕ್ಕ ನೀವು ಎಂಬತ್ತ ಯಾಕ್ರೀ?” ಎಂದು ಖಾನಾವಳಿಯ ಅಕ್ಕನನ್ನೇ ಕೇಳಿದೆ. “ತಂಗಿ, ಅಂಗಡಿ ಬಾಡಗಿ, ರೊಟ್ಟಿ ಬಡಿಯೂ ಹೆಣಮಕ್ಕಳ ಪಗಾರ, ದೊಡ್ಡ ಸಿಲಿಂಡರ್, ಪಾರ್ಸಲ್ ಡಬ್ಬಿ, ಉಳದದ್ದ ಚೆಲ್ಲೂದು, ಎಲ್ಲಾ ಅದರಾಗ ಬರಬೇಕಲ್ಲ” ಅಂದರು. ದೊಡ್ಡ ಸಿಲಿಂಡರ್ ಎಂದರೆ 19 ಕಿಲೊದ್ದು. ನಮ್ಮ ಮನೆಯದು 14.2 ಕಿಲೊ. ಅಂಗಡಿಯವರು ಮನೆಯ ಸಿಲಿಂಡರ್ ಬಳಸುವಂತಿಲ್ಲ.

ಹಾಗಾದರೆ ಇಂದಿರಾ ಕ್ಯಾಂಟೀನಿನಲ್ಲಿ ಅಷ್ಟು ಅಗ್ಗ ಹೇಗೆ? ಅದು ಬೆಂಗಳೂರಿನಲ್ಲಿ 2017ರ ಆಗಸ್ಟ್ 16ರಂದು ಶುರುವಾದಾಗ ನಾಷ್ಟಾಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಅಲ್ಲಿಯೂ ಊಟಕ್ಕೆ ಖರ್ಚು ಬೀಳುತ್ತದೆ, ಉಳಿದದ್ದನ್ನು ಸರಕಾರ ಕೊಡುತ್ತದೆ. ನಮ್ಮ ಶಾಲೆಯ ಬಿಸಿಯೂಟವೂ ಹಾಗೆಯೇ. ಪುಕ್ಕಟೆ ಎಂದರೆ ಯಾರೋ ಒಬ್ಬರು ಕೊಟ್ಟಿದ್ದಾರೆ ಎಂದೇ ಅರ್ಥ.

ಇನ್ನೊಂದು ಮಾತು. ಅಲ್ಲೇ ಕೂತು ಉಂಡರೆ ಅನ್ನ-ಸಾರು ಎರಡನೆಯ ಸಲ ಬಡಿಸುತ್ತಾರೆ. ಪಾರ್ಸಲ್ಲಿನಲ್ಲಿ ಕಟ್ಟಿದ್ದಷ್ಟೇ. ಪೇಟೆಯಲ್ಲಾದರೆ ಸ್ವಿಗ್ಗಿಯವರು ಬಾಗಿಲಿಗೇ ತಂದು ಕೊಡುತ್ತಾರೆ, ಅದಕ್ಕೆ ಬೇರೆ ರೊಕ್ಕ. ನಮಗೆ ನಾವೇ ಸ್ವಿಗ್ಗಿ! 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವ್ವ ಹೋದರೆ ಸರಕಾರಿ ಬಸ್ಸಿಗೆ ರೊಕ್ಕವಿಲ್ಲ. ಆದರೆ ಊಟಕ್ಕೆಂದೇ ಬಸ್ಸು ಹತ್ತಿದರೆ ಹೋಗಿ ಬರುವ ಹೊತ್ತೂ ಲೆಕ್ಕಕ್ಕೆ ಬರಬೇಕು. ಸಂತೆಗೆ ಹೋದಾಗ ತಂದರೆ ಮಾತ್ರ ಅದು ಉಳಿಯುತ್ತದೆ.

6. ಆರೋಗ್ಯದ ಲೆಕ್ಕ

ಬೇಯಿಸಿದ ಅನ್ನ, ಪಲ್ಯ ಬೆಚ್ಚಗಿನ ಹವೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಇದ್ದರೆ ರೋಗಾಣುಗಳು ಬೇಗ ಬೆಳೆಯುತ್ತವೆ. ಸಂಜೆ ಐದಕ್ಕೆ ಕಟ್ಟಿಸಿದ ಅನ್ನವನ್ನು ರಾತ್ರಿ ಒಂಬತ್ತಕ್ಕೆ ಉಣ್ಣುವುದು ಒಳ್ಳೆಯದಲ್ಲ. ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಬಾರದು. ಮಿರ್ಚಿ-ಭಜಿಯನ್ನು ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಬಾರದೆಂದು ಭಾರತದ ಆಹಾರ ಸುರಕ್ಷಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ, ಶಾಯಿ ಎಣ್ಣೆಯಲ್ಲಿ ಇಳಿಯುತ್ತದೆ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುವುದೇ ಎಲ್ಲಕ್ಕಿಂತ ಮೇಲು.

ಗೆಳೆಯರೇ, ನಮಗೆ ಪ್ರೀತಿಯ ಗೋಬಿ ಮಂಚೂರಿಯ ಸಂಗತಿಯನ್ನೂ ಕೇಳಿ. ನಮ್ಮ ರಾಜ್ಯದಲ್ಲಿ 171 ಗೋಬಿ ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಪಾಯದ ಬಣ್ಣ ಸಿಕ್ಕಿತು. 2024ರ ಮಾರ್ಚ್ 11ರಂದು ಸರಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆದರೆ ಜೋಳದ ರೊಟ್ಟಿಯ ಊಟ ಖಾನಾವಳಿಯದಾದರೂ ಪೌಷ್ಟಿಕವೇ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಎಂಬತ್ತು ರೂಪಾಯಿ ಕೊಡುವುದೇ ಆದರೆ ರೊಟ್ಟಿ ಊಟಕ್ಕೆ ಕೊಡಿ, ಕೆಂಪು ಗೋಬಿಗೆ ಬೇಡ.

7. ನಡುವಿನ ದಾರಿ

ಪೂರ್ತಿ ಊಟ ತರುವ ಬದಲು ರೊಟ್ಟಿ ಮಾತ್ರ ಕೊಳ್ಳಬಹುದು. ನಮ್ಮ ಕಡೆ ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಅಕ್ಕಂದಿರಿದ್ದಾರೆ. ಒಂದಕ್ಕೆ 8 ರೂಪಾಯಿಯಂತೆ ಹತ್ತಕ್ಕೆ 80. ಮನೆಯಲ್ಲಿ ಹಿಟ್ಟು 32, ಗ್ಯಾಸ್ 6, ನಲವತ್ತು ನಿಮಿಷದ ದುಡಿಮೆ 31, ಒಟ್ಟು 69. ಹನ್ನೊಂದು ರೂಪಾಯಿ ಹೆಚ್ಚು ಕೊಟ್ಟರೆ ಅವ್ವನಿಗೆ ನಲವತ್ತು ನಿಮಿಷ ಉಳಿಯುತ್ತದೆ, ನಮ್ಮಂಥದೇ ಇನ್ನೊಂದು ಮನೆಗೆ ಗಳಿಕೆ ಆಗುತ್ತದೆ.

ಉಪಸಂಹಾರ

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ದೊಡ್ಡ ಕುಟುಂಬಕ್ಕೆ ದಿನಾಲೂ ಪಾರ್ಸಲ್ ಹೊರೆ. ಒಬ್ಬರೇ ಇರುವವರಿಗೆ ಅದು ನ್ಯಾಯದ ಬೆಲೆ. ಸುಗ್ಗಿಯ ಗದ್ದಲ, ಮನೆಯಲ್ಲಿ ಜಡ್ಡು, ಮಗ್ಗದ ಮೇಲೆ ಅರ್ಜಂಟ್ ಸೀರೆ, ಇಂಥ ದಿನ ರೊಟ್ಟಿಯನ್ನಾಗಲಿ ಊಟವನ್ನಾಗಲಿ ಕೊಂಡರೆ ರೊಕ್ಕ ಹಾಳಾಗುವುದಿಲ್ಲ. ಉಳಿದ ದಿನ ಮನೆಯಲ್ಲೇ ಉಣ್ಣೋಣ. ಆದರೆ ಉಳಿದ ರೊಕ್ಕ ಅವ್ವನ ರಟ್ಟೆಯಿಂದ ಬಂದದ್ದು ಎಂಬುದು ನೆನಪಿರಲಿ. ಭಾಂಡೆ ತಿಕ್ಕುವ ಅರ್ಧ ತಾಸನ್ನು ನಾವು ಮಕ್ಕಳು ಹೊತ್ತುಕೊಳ್ಳಬಹುದು. ಗಂಡುಹುಡುಗರಿಗೂ ಈ ಮಾತು ಅನ್ವಯಿಸುತ್ತದೆ!

ನೀವೂ ಮಾಡಿ ನೋಡಿ:
1. ನಿಮ್ಮ ಮನೆಯ ಒಂದು ರಾತ್ರಿ ಊಟದ ಸಾಮಾನಿನ ಬೆಲೆ ಎಷ್ಟು?
2. ಆ ಊಟಕ್ಕೆ ಯಾರು ಎಷ್ಟು ನಿಮಿಷ ದುಡಿದರು?
3. ಮೂರು ಮಂದಿ ಇರುವ ಮನೆಗೆ ಯಾವುದು ಅಗ್ಗ?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಈ ಗೋಡೆ ಪತ್ರಿಕೆಯ ಕೆಳಗೆ ಅಂಟಿಸಿರಿ.

– ಹತ್ತನೆಯ ತರಗತಿಯ ವಿದ್ಯಾರ್ಥಿನಿ