ಭಾರವಾದ ಕೈಗಳನ್ನು ಎತ್ತಿಹಿಡಿಯುವದು

ಓದತಕ್ಕ ಭಾಗ: ವಿಮೋಚನಕಾಂಡ 17:8–13



ಇಸ್ರಾಯೇಲ್ಯರು ರೆಫೀದೀಮಿನಲ್ಲಿ ಅಮಾಲೇಕ್ಯರ ಸಂಗಡ ಯುದ್ಧಮಾಡಿದ ದಿನ ಮೋಶೆಯು ಗುಡ್ಡದ ತುದಿಯಲ್ಲಿ ಕೈಯೆತ್ತಿ ನಿಂತನೆಂದು ಓದುತ್ತೇವೆ. ಅವನು ದೇವರ ಮನುಷ್ಯನಾಗಿದ್ದರೂ ಅವನ ಕೈಗಳು ಸೋತವು. ಇದನ್ನು ವೇದವು ಮರೆಮಾಡುವದಿಲ್ಲ. ಆಗ ಆರೋನನೂ ಹೂರನೂ ಅವನನ್ನು ಗದರಿಸದೆ, ಕೂತುಕೊಳ್ಳುವದಕ್ಕೆ ಒಂದು ಕಲ್ಲನ್ನು ತಂದಿಟ್ಟು, ಆಚೆ ಒಬ್ಬನೂ ಈಚೆ ಒಬ್ಬನೂ ನಿಂತು, ಹೊತ್ತು ಮುಳುಗುವ ತನಕ ಆ ಕೈಗಳನ್ನು ಹಿಡಿದರು. ದೀರ್ಘರೋಗದಲ್ಲಿರುವ ಹೆಂಡತಿಯನ್ನಾಗಲಿ ಗಂಡನನ್ನಾಗಲಿ ನೋಡಿಕೊಳ್ಳುವವರ ವಿಷಯದಲ್ಲಿ ಈ ಭಾಗವು ಕಲಿಸುವದನ್ನು ಈ ತಿಂಗಳು ಆಲೋಚಿಸೋಣ.

ನಾವು ಬಲ್ಲ ಒಂದು ಹಳ್ಳಿಯ ಸಭೆಯಲ್ಲಿ ಒಬ್ಬ ಬೇಸಾಯಗಾರನ ಹೆಂಡತಿಗೆ ಬಹುದಿನಗಳಿಂದ ಆಯಾಸವೂ ಎಡಪಕ್ಕೆಯ ಕೆಳಗೆ ಭಾರವೂ ಇದ್ದವು. ದೊಡ್ಡಾಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿ, ಕ್ರಾನಿಕ್ ಮೈಲಾಯಿಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದು ಹೇಳಿದರು. ಇದು ಅಪರೂಪವಾದ ರೋಗ. ಲಕ್ಷ ಜನರಲ್ಲಿ ವರುಷಕ್ಕೆ ಒಬ್ಬಿಬ್ಬರಿಗೆ ಮಾತ್ರ ಬರುವದು. ಆದಕಾರಣ ಆ ಊರಲ್ಲಿ ಇದರ ಹೆಸರನ್ನು ಕೇಳಿದವರೇ ಇರಲಿಲ್ಲ. ಕೆಲವರು ಅಂಟುರೋಗವೆಂದು ದೂರ ನಿಂತರು. ಕೆಲವರು ಯಾವದೋ ಗುಪ್ತಪಾಪದ ಫಲವೆಂದು ಪಿಸುಗುಟ್ಟಿದರು. ಎರಡೂ ಸುಳ್ಳು. ಈ ರೋಗವು ಒಬ್ಬರಿಂದೊಬ್ಬರಿಗೆ ಅಂಟುವದಿಲ್ಲ. ಪಾಪದ ಮಾತಿಗಾದರೋ, ಹುಟ್ಟುಕುರುಡನ ವಿಷಯದಲ್ಲಿ ಕರ್ತನು ಶಿಷ್ಯರಿಗೆ ಕೊಟ್ಟ ಉತ್ತರವೇ ಸಾಕು (ಯೋಹಾನ 9).

ಹಿಂದಿನ ದಿನಗಳಲ್ಲಿ ರಕ್ತದ ಕ್ಯಾನ್ಸರಿನ ಎದುರಿನಲ್ಲಿ ಐಶ್ವರ್ಯವಂತರೂ ನಿರಾಯುಧರಾಗಿದ್ದರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಮೇಲಧಿಕಾರಿಯಾಗಿದ್ದ ಎಚ್. ಜೆ. ಭಾಭಾ ಎಂಬವರ ಮಗಳಾದ ಮೆಹರ್‌ಬಾಯಿಯವರು 1898ರಲ್ಲಿ ದೊರಾಬ್ಜಿ ಟಾಟಾರವರನ್ನು ಮದುವೆಯಾದರು. ಆಕೆ 1931ರಲ್ಲಿ ಇದೇ ಜಾತಿಯ ರೋಗದಿಂದ ತೀರಿಹೋದರು. ಪತಿಯ ಸಂಪತ್ತು ಆಕೆಯನ್ನು ಉಳಿಸಲಾರದೆ ಹೋಯಿತು. ಆತನು 1932ರಲ್ಲಿ, ತಾನೂ ತೀರಿಹೋಗುವ ಮುಂಚೆ, ಈ ರೋಗದ ಸಂಶೋಧನೆಗಾಗಿ ಆಕೆಯ ಹೆಸರಿನಲ್ಲಿ ಧರ್ಮನಿಧಿಯನ್ನು ಸ್ಥಾಪಿಸಿದನು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ ತೆರೆಯಲ್ಪಟ್ಟಿತು. ಅವರು ನಮ್ಮ ಮತದವರಲ್ಲದಿದ್ದರೂ ಆ ಪ್ರೀತಿಯ ಫಲವನ್ನು ಎಲ್ಲಾ ಮತದವರೂ ಉಣ್ಣುತ್ತಾರೆ.

2001ರಲ್ಲಿ ಇಮ್ಯಾಟಿನಿಬ್ ಎಂಬ ಔಷಧವು ಬಳಕೆಗೆ ಬಂದ ಮೇಲೆ, ನಾವು ಹೇಳಿದ ಸಹೋದರಿಗಿದ್ದಂಥ ರೋಗವುಳ್ಳ ಅನೇಕರು ದಿನಂಪ್ರತಿ ಗುಳಿಗೆ ನುಂಗುತ್ತಾ ಬಹು ವರುಷ ಬಾಳುತ್ತಿದ್ದಾರೆ. ಆದರೆ ದಿನ ತಪ್ಪಬಾರದು. ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಿದರೆ ಅಡಗಿದ ರೋಗವು ತಿರಿಗಿ ತಲೆಯೆತ್ತುವದು.

ಇಲ್ಲಿಯೇ ಆ ಗಂಡನ ಯುದ್ಧವು ಆರಂಭವಾಯಿತು. ಅವನು ಪ್ರತಿ ರಾತ್ರಿ ಊಟವಾದ ಮೇಲೆ ಗುಳಿಗೆಯನ್ನೂ ತುಂಬಿದ ಚೊಂಬು ನೀರನ್ನೂ ತಂದುಕೊಟ್ಟು, ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೀಟು ಎಳೆಯುವನು. ವರುಷ ಕಳೆದ ಮೇಲೆ ಹೆಂಡತಿಯು, "ನನಗೆ ಗುಣವಾಯಿತಲ್ಲಾ, ಈ ವಾಕರಿಕೆ, ಈ ಕಾಲಸೆಳೆತ, ಈ ಬಾತ ಕಣ್ಣು ಯಾಕೆ ಬೇಕು?" ಎಂದು ಅತ್ತಳು. ಅವನು ವಾದಿಸದೆ ಆಕೆಯ ಕಾಲನ್ನು ತಿಕ್ಕುತ್ತಾ ಕೂತನು. ಮರುದಿನ ವೈದ್ಯರ ಬಳಿಗೆ ಕರಕೊಂಡು ಹೋಗಿ ಆಕೆಯ ಕಷ್ಟವನ್ನು ಆಕೆಯ ಬಾಯಿಂದಲೇ ಹೇಳಿಸಿದನು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆಂದು ಬಿತ್ತನೆಯ ಕಾಲದಲ್ಲಿಯೂ ಬಸ್ಸು ಹತ್ತಿದನು.

ಮೊದಲನೆಯ ತಿಂಗಳು ಅವನ ಅಂಗಳದ ತುಂಬಾ ಸಭೆಯವರಿದ್ದರು. ಎರಡನೆಯ ವರುಷದಲ್ಲಿ ಯಾರೂ ಬರಲಿಲ್ಲ. ಬಾರದವರಲ್ಲಿ ನಾವೂ ಇದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ನಾಲ್ಕನೆಯ ವರುಷದಲ್ಲಿ ಅವನು ದೇವಾಲಯಕ್ಕೆ ಬರುವದನ್ನು ಬಿಟ್ಟನು. ಸಭೆಯ ಹಿರಿಯನೊಬ್ಬನು ವಿಚಾರಿಸಲು ಹೋದಾಗ ಅವನು, "ಇದೆಲ್ಲಾ ಬೇಗ ಮುಗಿದುಹೋದರೆ ಸಾಕೆಂದು ಒಂದು ರಾತ್ರಿ ನೆನಸಿದೆನು. ಇಂಥ ನಾನು ದೇವರ ಮುಂದೆ ಹೇಗೆ ನಿಲ್ಲಲಿ?" ಅಂದನು. ಆ ಹಿರಿಯನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನಿನ್ನ ಪ್ರೀತಿ ಸಾಯಲಿಲ್ಲ; ನಿನ್ನ ಕೈ ಸೋತಿದೆ. ಮುಂದಿನ ಸಾರಿ ಬೆಂಗಳೂರಿಗೆ ನಾನು ಕರಕೊಂಡು ಹೋಗುತ್ತೇನೆ, ನೀನು ಮಲಗು," ಅಂದನು. ಅಂದಿನಿಂದ ಸಭೆಯವರು ಸರದಿಯನ್ನು ಇಟ್ಟುಕೊಂಡರು. ಗೋಡೆಯ ಮೇಲಿನ ಗೀಟುಗಳು ಇನ್ನೂ ಬೆಳೆಯುತ್ತಲಿವೆ.

ಇದರಿಂದ ನಾವು ಕಲಿಯತಕ್ಕದ್ದೇನಂದರೆ:

1. ವಿವಾಹದಲ್ಲಿ ಕೊಟ್ಟ ಮಾತು ದೊಡ್ಡ ಕಾರ್ಯಗಳಿಂದಲ್ಲ, ದಿನದಿನದ ಗುಳಿಗೆಯಿಂದಲೂ ನೀರಿನಿಂದಲೂ ನೆರವೇರುವದು. ಪ್ರಾರ್ಥನೆಯೂ ಔಷಧವೂ ಒಂದಕ್ಕೊಂದು ವೈರಿಗಳಲ್ಲ.

2. ರೋಗಿಯ ಮುಂದೆ ಸುಳ್ಳು ಧೈರ್ಯ ಬೇಡ. ಆಕೆಯ ರೋಗದ ವಿಷಯವನ್ನು ಆಕೆಗೆ ತಿಳಿಸದೆ ಬೇರೆಯವರೊಡನೆ ಮಾತಾಡುವದು ಆಕೆಯನ್ನು ಒಂಟಿಯಾಗಿ ಬಿಡುವದಕ್ಕೆ ಸಮಾನ.

3. ನೋಡಿಕೊಳ್ಳುವವನು ದಣಿಯುವದು ಅವಿಶ್ವಾಸವಲ್ಲ. ಮೋಶೆಯು ಕಲ್ಲಿನ ಮೇಲೆ ಕೂತನು. ನೀವೂ ಕೂತುಕೊಳ್ಳಿರಿ, ಸಹಾಯವನ್ನು ಕೇಳಿರಿ.

4. ಸಭೆಯ ಪರೀಕ್ಷೆಯು ಮೊದಲನೆಯ ತಿಂಗಳಲ್ಲಿ ಅಲ್ಲ, ಎರಡನೆಯ ವರುಷದಲ್ಲಿ ಆಗುವದು. ಬರಿಗೈಯಿಂದ ಹೋಗಿ ಬುದ್ಧಿ ಹೇಳುವದಕ್ಕಿಂತ ಒಂದು ಗಡಿಗೆ ಅಂಬಲಿ, ಬಸ್ಸಿನ ಖರ್ಚು, ಒಂದು ರಾತ್ರಿಯ ಕಾವಲು ಮೇಲು.

ವಿಚಾರಿಸತಕ್ಕ ಪ್ರಶ್ನೆ: ನಮ್ಮ ಊರಲ್ಲಿ ಯಾವ ಮನೆಯ ಅಂಗಳವು ಈಗ ಬರಿದಾಗಿದೆ? ಮುಂದಿನ ಭಾನುವಾರದೊಳಗೆ ಅಲ್ಲಿಗೆ ಕಲ್ಲನ್ನು ಒಯ್ಯುವವರು ಯಾರು? ಹೊತ್ತು ಮುಳುಗುವ ವರೆಗೆ ನಿಲ್ಲುವ ಬಲವನ್ನು ಕರ್ತನು ನಮಗೆ ದಯಪಾಲಿಸಲಿ. ಆಮೆನ್.