ಬ್ಯಾಕ್ಟೀರಿಯಾದೊಳಗೆ ಅಡಗಿ ಕೂರುವ ವೈರಸ್

ಬ್ಯಾಕ್ಟೀರಿಯಾಗಳಿಗೂ ರೋಗ ತಗಲುತ್ತದೆ ಎಂಬುದು ಹಲವರಿಗೆ ಹೊಸ ಸಂಗತಿಯಾಗಿ ತೋರಬಹುದು. ಅವುಗಳಿಗೆ ಮಾತ್ರ ಅಂಟುವ ವೈರಸ್‌ಗಳಿವೆ. 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫೆಲಿಕ್ಸ್ ದೆರೆಲ್ ಇವುಗಳನ್ನು ಬ್ಯಾಕ್ಟೀರಿಯೋಫೇಜ್, ಅಂದರೆ ಬ್ಯಾಕ್ಟೀರಿಯಾಭಕ್ಷಕ ಎಂದು ಕರೆದರು. ಚಿಕ್ಕದಾಗಿ ಫೇಜ್ ಎನ್ನುವುದು ರೂಢಿ. ಆದರೆ ಎಲ್ಲ ಫೇಜ್‌ಗಳೂ ಒಡನೆಯೇ ಭಕ್ಷಿಸುವುದಿಲ್ಲ. ಕೆಲವು ಬ್ಯಾಕ್ಟೀರಿಯಾದ ಒಡಲನ್ನು ಹೊಕ್ಕು, ಅದರ ವಂಶವಾಹಿಗಳ ನಡುವೆ ತಮ್ಮವನ್ನು ಸೇರಿಸಿ, ಪೀಳಿಗೆಯಿಂದ ಪೀಳಿಗೆಗೆ ಸದ್ದಿಲ್ಲದೆ ಸಾಗುತ್ತವೆ. ಮುಂದೆಂದೋ ಎಚ್ಚರಗೊಂಡು ಆಶ್ರಯವಿತ್ತ ಜೀವಕೋಶವನ್ನೇ ಒಡೆದು ಹೊರಬರುತ್ತವೆ. ಈ ಮೌನವನ್ನು ಕಾಯುವುದು ಯಾವುದು, ಮುರಿಯುವುದು ಯಾವುದು ಎಂಬುದು ಪ್ರಯೋಗಾಲಯದ ಕುತೂಹಲ ಮಾತ್ರವಲ್ಲ. ರೋಗಿಗೆ ಯಾವ ಔಷಧ ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದೂ ಕೆಲವೊಮ್ಮೆ ಇದನ್ನೇ ಅವಲಂಬಿಸಿದೆ.

ಈ ವಿಷಯದಲ್ಲಿ ಅತ್ಯಂತ ಆಳವಾದ ಅಧ್ಯಯನ ನಡೆದಿರುವುದು ಲ್ಯಾಂಬ್ಡಾ ಎಂಬ ಫೇಜ್ ಕುರಿತು. ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಕೆ-12 ತಳಿಯಲ್ಲಿ ಇದು ಇರುವುದನ್ನು ಅಮೆರಿಕದ ಎಸ್ತರ್ ಲೆಡರ್‌ಬರ್ಗ್ 1951ರಲ್ಲಿ ವರದಿ ಮಾಡಿದರು. ಆ ತಳಿಯನ್ನು ಹಲವು ವರ್ಷಗಳಿಂದ ಬೆಳೆಸುತ್ತಿದ್ದವರಿಗೆ ಅದರೊಳಗೆ ಒಬ್ಬ ಅತಿಥಿಯಿರುವ ಸುಳಿವೇ ಇರಲಿಲ್ಲ. ಲ್ಯಾಂಬ್ಡಾದ ಡಿ.ಎನ್.ಎ.ಯಲ್ಲಿ 48,502 ಅಕ್ಷರಜೋಡಿಗಳಿವೆ. ಅದರ ಪೂರ್ಣ ಪಾಠ 1982ರಲ್ಲಿ ಪ್ರಕಟವಾಯಿತು.

ಮಲಗಿರುವ ಲ್ಯಾಂಬ್ಡಾದಲ್ಲಿ ಬಹುಪಾಲು ವಂಶವಾಹಿಗಳ ಬಾಯಿ ಕಟ್ಟಿರುವುದು ಒಂದೇ ಒಂದು ಪ್ರೋಟೀನು. ಅದಕ್ಕೆ ದಮನಕ ಎಂದು ಹೆಸರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ಟಾಷ್ನೆ 1967ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಯಾವ ವಂಶವಾಹಿಯೇ ಆಗಲಿ ಕೆಲಸ ಮಾಡಬೇಕಾದರೆ ಮೊದಲು ಅದನ್ನು ಓದಿ ನಕಲು ತೆಗೆಯುವ ಕಿಣ್ವವು ಅದರ ಆರಂಭಸ್ಥಾನದಲ್ಲಿ ಬಂದು ಕೂರಬೇಕು. ಲ್ಯಾಂಬ್ಡಾದಲ್ಲಿ ಇಂತಹ ಒಂದು ಮುಖ್ಯ ಎಡೆಯಲ್ಲಿ ಮೂರು ಮಣೆಗಳನ್ನು ಸಾಲಾಗಿ ಹಾಕಿದಂತೆ ಮೂರು ಚಿಕ್ಕ ತಾಣಗಳಿವೆ. ದಮನಕವು ಮೊದಲನೆಯ ಮತ್ತು ಎರಡನೆಯ ಮಣೆಗಳಲ್ಲಿ ಕೂತರೆ, ಫೇಜ್‌ನ ಬೆಳವಣಿಗೆಗೆ ಬೇಕಾದ ವಂಶವಾಹಿಗಳ ಕಡೆಗೆ ಕಿಣ್ವಕ್ಕೆ ದಾರಿ ಮುಚ್ಚುತ್ತದೆ. ಅದೇ ವೇಳೆಗೆ ಎದುರು ದಿಕ್ಕಿನಲ್ಲಿರುವ ತನ್ನದೇ ವಂಶವಾಹಿಯನ್ನು ಓದಲು ಅದು ಕಿಣ್ವಕ್ಕೆ ನೆರವಾಗುತ್ತದೆ. ದಮನಕದ ಪ್ರಮಾಣ ಮಿತಿಮೀರಿದರೆ ಮೂರನೆಯ ಮಣೆಯೂ ತುಂಬಿ, ಅದರ ತಯಾರಿಕೆ ತಾನಾಗಿ ನಿಲ್ಲುತ್ತದೆ. ಕಾವಲುಗಾರನೇ ಕಾವಲಿನ ಖರ್ಚನ್ನೂ ಅಳೆದು ನೋಡುವ ಈ ಏರ್ಪಾಡಿಗಿಂತ ಮಿತವಾದುದನ್ನು ಊಹಿಸುವುದು ಕಷ್ಟ.

ಇದಕ್ಕೆ ಎದುರಾಳಿಯಾಗಿ ಕ್ರೋ ಎಂಬ ಇನ್ನೊಂದು ಪ್ರೋಟೀನು ಇದೆ. ಮಣೆಗಳು ಅವೇ, ಆದರೆ ಕ್ರೋ ಮೊದಲು ಹಿಡಿಯುವುದು ಮೂರನೆಯದನ್ನು. ಅಲ್ಲಿ ಅದು ಕೂತೊಡನೆ ದಮನಕದ ತಯಾರಿಕೆ ನಿಲ್ಲುತ್ತದೆ, ಫೇಜ್ ಬೆಳವಣಿಗೆಯ ಹಾದಿ ಹಿಡಿಯುತ್ತದೆ.

ಹೊಸದಾಗಿ ಒಳಹೊಕ್ಕ ಫೇಜ್ ಯಾವ ಹಾದಿ ಹಿಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಸಿ-ಟೂ ಎಂಬ ಮೂರನೆಯ ಪ್ರೋಟೀನು. ದಮನಕದ ಮೊದಲ ಕಂತನ್ನು ತಯಾರಿಸಲು ಪ್ರೇರಿಸುವುದು ಇದೇ. ಬ್ಯಾಕ್ಟೀರಿಯಾ ಚೆನ್ನಾಗಿ ಉಂಡು ಬೆಳೆಯುತ್ತಿದ್ದರೆ ಅದರ ಕಿಣ್ವಗಳು ಸಿ-ಟೂವನ್ನು ಬೇಗನೆ ಕತ್ತರಿಸಿಹಾಕುತ್ತವೆ. ಆಗ ಫೇಜ್ ವೃದ್ಧಿಗೆ ತೊಡಗುತ್ತದೆ. ಬ್ಯಾಕ್ಟೀರಿಯಾ ಹಸಿದಿದ್ದರೆ, ಅಥವಾ ಒಂದೇ ಕೋಶಕ್ಕೆ ಹಲವು ಫೇಜ್‌ಗಳು ಒಟ್ಟಿಗೆ ನುಗ್ಗಿದರೆ, ಸಿ-ಟೂ ಉಳಿದುಕೊಂಡು ಫೇಜ್ ಮಲಗುತ್ತದೆ. ಆಶ್ರಯಗಳು ಕಡಿಮೆ, ಬೇಡುವವರು ಹೆಚ್ಚು ಎಂಬಂತಹ ಕಾಲದಲ್ಲಿ ಮನೆಯನ್ನು ಒಡೆದು ಹೊರಬಿದ್ದು ಪ್ರಯೋಜನವಿಲ್ಲ. ಬೇರೊಂದು ಗುಂಪಿನ ಫೇಜ್‌ಗಳು ಆರೇ ಅಮೈನೋ ಆಮ್ಲಗಳ ಒಂದು ಪುಟ್ಟ ಅಣುವನ್ನು ಹೊರಸೂಸಿ, ಸುತ್ತಮುತ್ತ ಎಷ್ಟು ಕೋಶಗಳು ಈಗಾಗಲೇ ಸೋಂಕಿಗೆ ಒಳಗಾಗಿವೆ ಎಂಬುದನ್ನು ತಮ್ಮವರಿಗೆ ತಿಳಿಸುತ್ತವೆ ಎಂಬುದನ್ನು ಇಸ್ರೇಲಿನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು.

ಮಲಗಿದ ಫೇಜ್ ಏಳುವುದು ಸಾಮಾನ್ಯವಾಗಿ ಆಶ್ರಯಕ್ಕೆ ಅಪಾಯ ಒದಗಿದಾಗ. ಅತಿನೇರಳೆ ಕಿರಣ ತಗುಲಿಸಿ ಫೇಜ್‌ಗಳನ್ನು ಎಬ್ಬಿಸಬಹುದೆಂದು ಆಂದ್ರೆ ಲ್ವಾಫ್ ಮತ್ತು ಸಂಗಡಿಗರು 1950ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ್ದರು. ಅದರ ಒಳಗುಟ್ಟು ಆಮೇಲೆ ತಿಳಿಯಿತು. ಡಿ.ಎನ್.ಎ.ಗೆ ಹಾನಿಯಾದಾಗ ಬ್ಯಾಕ್ಟೀರಿಯಾದ ರೆಕ್-ಎ ಎಂಬ ಪ್ರೋಟೀನು ಚುರುಕಾಗುತ್ತದೆ. ಅದರ ಸಂಪರ್ಕದಿಂದ ದಮನಕವು ತನ್ನನ್ನು ತಾನೇ ಎರಡಾಗಿ ತುಂಡರಿಸಿಕೊಳ್ಳುತ್ತದೆ. ಮಣೆಗಳು ತೆರವಾಗುತ್ತವೆ. ಅನಂತರ ವಂಶವಾಹಿಗಳು ಸರದಿಯಂತೆ ಓದಲ್ಪಡುತ್ತವೆ: ಮೊದಲು ಡಿ.ಎನ್.ಎ.ಯ ಪ್ರತಿಗಳು, ಕೊನೆಗೆ ತಲೆ, ಬಾಲ, ಮತ್ತು ಕೋಶವನ್ನು ಒಡೆಯುವ ಕಿಣ್ವಗಳು. ಸುಮಾರು ಒಂದು ಗಂಟೆಯಲ್ಲಿ ನೂರರಷ್ಟು ಹೊಸ ಫೇಜ್‌ಗಳು ಹೊರಬರುತ್ತವೆ.

ಈ ಸರದಿಯ ಕೊನೆಯ ಗುಂಪಿನಲ್ಲೇ ಮನುಷ್ಯನಿಗೆ ಸಂಬಂಧಿಸಿದ ಅಪಾಯವೊಂದು ಅಡಗಿದೆ. ರಕ್ತಭೇದಿಯನ್ನು ಉಂಟುಮಾಡುವ ಇ. ಕೋಲೈ ಓ157 ತಳಿಯಲ್ಲಿ ಶಿಗಾ ವಿಷದ ವಂಶವಾಹಿ ಇರುವುದು ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಾಗಿ ಅಲ್ಲ, ಲ್ಯಾಂಬ್ಡಾವನ್ನು ಹೋಲುವ ಒಂದು ಫೇಜ್‌ನ ಭಾಗವಾಗಿ. ಫೇಜ್ ಮಲಗಿರುವಾಗ ವಿಷ ಅಲ್ಪ, ಎದ್ದರೆ ಹೇರಳ. ಸಿಪ್ರೊಫ್ಲಾಕ್ಸಾಸಿನ್‌ನಂತಹ ಪ್ರತಿಜೀವಕಗಳು ಬ್ಯಾಕ್ಟೀರಿಯಾದ ಡಿ.ಎನ್.ಎ.ಗೆ ಹಾನಿ ಮಾಡುವುದರಿಂದ ಇಂತಹ ಫೇಜ್‌ಗಳನ್ನು ಎಬ್ಬಿಸುತ್ತವೆ ಎಂಬುದು ಪ್ರಯೋಗಗಳಿಂದ ಸಿದ್ಧಪಟ್ಟಿದೆ. ವಿಷವು ಮೂತ್ರಪಿಂಡಗಳನ್ನು ಕೆಡಿಸಬಲ್ಲದು, ವಿಶೇಷವಾಗಿ ಮಕ್ಕಳಲ್ಲಿ. ಆದ್ದರಿಂದ ಈ ತಳಿಯ ಸೋಂಕಿನಲ್ಲಿ ವೈದ್ಯರು ಸಾಮಾನ್ಯವಾಗಿ ಪ್ರತಿಜೀವಕವನ್ನು ಕೊಡುವುದಿಲ್ಲ. ಶಿಗೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ಆಮಶಂಕೆ ತೀವ್ರವಾಗಿದ್ದರೆ ಅದೇ ಪ್ರತಿಜೀವಕ ಅವಶ್ಯವಾಗುತ್ತದೆ. ಎರಡರಲ್ಲೂ ಮಲದಲ್ಲಿ ರಕ್ತ ಕಾಣುತ್ತದೆ. ಯಾವುದೆಂದು ಹೇಳಬಲ್ಲುದು ಪರೀಕ್ಷೆ, ಔಷಧದಂಗಡಿಯಲ್ಲ.

ಫೇಜ್‌ಗಳನ್ನೇ ಔಷಧವಾಗಿ ಬಳಸುವಲ್ಲಿಯೂ ಈ ದಮನಕವೇ ತೊಡಕು. ರೋಗಾಣುವನ್ನು ಕೊಲ್ಲಬೇಕಾದ ಫೇಜ್ ಅದರೊಳಗೆ ಮಲಗಿಬಿಟ್ಟರೆ ಏನೂ ಸಾಧಿಸಿದಂತಾಗದು. ಲಂಡನ್ನಿನಲ್ಲಿ ಶ್ವಾಸಕೋಶದ ಕಸಿಯಾದ ಬಳಿಕ, ಪ್ರತಿಜೀವಕಗಳಿಗೆ ಬಗ್ಗದ ಮೈಕೋಬ್ಯಾಕ್ಟೀರಿಯಂ ಸೋಂಕಿಗೆ ತುತ್ತಾದ 15 ವರ್ಷದ ರೋಗಿಯೊಬ್ಬರಿಗೆ ಮೂರು ಫೇಜ್‌ಗಳ ಮಿಶ್ರಣವನ್ನು ಕೊಟ್ಟ ವರದಿ 2019ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಎರಡರಿಂದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ತಂಡವು ದಮನಕದ ವಂಶವಾಹಿಯನ್ನು ಮೊದಲೇ ಕತ್ತರಿಸಿ ತೆಗೆದಿತ್ತು. ಮಲಗುವ ಬಗೆಯನ್ನೇ ಮರೆತ ಆ ಫೇಜ್‌ಗಳನ್ನು ರಕ್ತನಾಳದ ಮೂಲಕ ಕೊಟ್ಟ ನಂತರದ ತಿಂಗಳುಗಳಲ್ಲಿ ಎದೆಯ ಶಸ್ತ್ರಚಿಕಿತ್ಸೆಯ ಗಾಯ ಕೂಡಿಕೊಂಡಿತು, ಚರ್ಮದ ಮೇಲಿನ ಗಂಟುಗಳು ಬಹುಮಟ್ಟಿಗೆ ಇಳಿದುಹೋದವು.